ನಿಧಾನದ ಚೆಂಡಿಗೊಂದು ಪ್ರಾರ್ಥನೆ

ಭಾನುವಾರದ ಆಟಕ್ಕೆ ಮುಂಚಿನ ಪ್ರಾರ್ಥನೆ ನಡೆಯುತ್ತಿದ್ದುದು ಬಟ್ಟೆ ಒಗೆಯುವ ಕೋಣೆಯಲ್ಲಿ. ಮಾರ್ಲೋ ಕ್ರೀಕ್ ಊರಿನ ಬೇಸ್‌ಬಾಲ್ ಮೈದಾನ ಚಿಕ್ಕದು. ಇಪ್ಪತ್ತು ಮಂದಿ ಕೂರುವಂಥ, ಹೊರಗಿನ ಗದ್ದಲ ಕೇಳದಂಥ ಜಾಗ ಅಲ್ಲಿ ಅದೊಂದೇ. ಸಾಬೂನುಪುಡಿಯ ದೊಡ್ಡ ಡಬ್ಬಗಳೇ ಆಸನ. ಎರಡು ತಂಡಗಳಿಗೂ ಸೇರಿ ಒಂದೇ ಪ್ರಾರ್ಥನೆ, ಏಕೆಂದರೆ ಅದನ್ನು ನಡೆಸುವ ಹೋಬರ್ಟಯ್ಯನಿಗೆ ಹನ್ನೆರಡು ಗಂಟೆಗೆ ವೃದ್ಧಾಶ್ರಮದಲ್ಲಿ ಇನ್ನೊಂದು ಸಭೆ. ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದ ಮನುಷ್ಯ ಆತ. ಉಪದೇಶವನ್ನೂ ಅಂಚೆಯ ಹಾಗೆಯೇ ಮನೆಬಾಗಿಲಿಗೆ ಹಾಕಿ ಹೊರಟುಬಿಡುತ್ತಿದ್ದ. ಒಂಬತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಎರಡು ಗಂಟೆಗೆ ಒಬ್ಬರನ್ನೊಬ್ಬರು ಸೋಲಿಸಬೇಕಾದವರು ಹನ್ನೊಂದು ಗಂಟೆಗೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ತಲೆ ಬಾಗಿಸುತ್ತಿದ್ದರು.

ಆ ಭಾನುವಾರ ಓರಿನ್ ಟ್ಯಾಕೆಟ್ ಬಾಗಿಲ ಪಕ್ಕದ ಡಬ್ಬದ ಮೇಲೆ ಕೂತಿದ್ದ. ಅರವತ್ತೆರಡು ವರ್ಷದ ಆತ ಮಾರ್ಲೋ ಕ್ರೀಕ್ ತಂಡದ ಹುಡುಗರಿಗೆ ಬ್ಯಾಟು ಬೀಸುವುದನ್ನು ಕಲಿಸುವವನು. ಎದುರಿನ ಗೋಡೆಗೆ ಒರಗಿ, ಕಾಲ್ವರ್ಟ್ ತಂಡದ ಬೂದು ಅಂಗಿ ತೊಟ್ಟು ಕೂತಿದ್ದವನು ಅವನ ಮಗ ಎಜ್ರಾ. ಅಂದಿನ ಆಟಕ್ಕೆ ಆ ತಂಡದ ಚೆಂಡೆಸೆಯುವವನು ಅವನೇ. ತಂದೆ ಮಗ ಒಬ್ಬರ ಮುಖ ಒಬ್ಬರು ನೋಡಿ ನಾಲ್ಕು ತಿಂಗಳಾಗಿತ್ತು. ಫೆಬ್ರವರಿಯಲ್ಲಿ, ಮಂಜು ಕರಗದ ಗುಡ್ಡದ ಮೇಲೆ ಎಜ್ರಾನ ತಾಯಿ ಲೂಯೆಲಾಳನ್ನು ಮಣ್ಣು ಮಾಡಿದ ದಿನ ನೋಡಿದ್ದೇ ಕೊನೆ. ಮರುದಿನವೇ ಮಗ ಅಭ್ಯಾಸ ಶಿಬಿರಕ್ಕೆ ಹೋಗಬೇಕಾಯಿತು. ತಂದೆ, ಚರ್ಚಿನ ಹೆಂಗಸರು ತಂದುಕೊಟ್ಟ ಊಟದ ಪಾತ್ರೆಗಳ ನಡುವೆ ಒಬ್ಬನೇ ಉಳಿದ. ತಳದಲ್ಲಿ ಹೆಸರು ಅಂಟಿಸಿದ ಆ ಪಾತ್ರೆಗಳಲ್ಲಿ ಐದಾರು ಇನ್ನೂ ಹಿಂದಿರುಗಿಸದೆ ಅವನ ಅಡಿಗೆಮನೆಯಲ್ಲೇ ಇದ್ದವು.

ಆಮೆನ್ ಹೇಳಿ ಎಲ್ಲರೂ ಎದ್ದಾಗ ಎಜ್ರಾ ಹತ್ತಿರ ಬಂದ.

"ಅಪ್ಪಾ."

"ಬಂದ್ಯಾ. ಸೊರಗಿದೀಯಲ್ಲೋ. ಬಸ್ಸಲ್ಲಿ ಏನು ಹಾಕ್ತಾರೆ ತಿನ್ನೋಕೆ?"

"ಪೆಟ್ರೋಲ್ ಬಂಕಲ್ಲಿ ಸಿಗೋ ಬ್ರೆಡ್ಡು. ನೀನು ಏನು ತಿಂತಿದೀಯ?"

"ಬೀನ್ಸ್. ಡಬ್ಬ ಒಡೆಯೋದು ಕಲ್ತಿದೀನಿ."

ಇಬ್ಬರ ನಡುವೆ ತಲೆ ತೂರಿಸಿ ನಿಂತವನು ಎಲಿಸೆಯೋ ಪೆಗೆರೋ. ಸಮುದ್ರದಾಚೆಯ ದ್ವೀಪದಿಂದ ಬಂದ ಇಪ್ಪತ್ತೆರಡರ ಹುಡುಗ, ಓರಿನ್ನನ ಶಿಷ್ಯ. ಊರಲ್ಲಿ ಹೆಂಡತಿ, ಇನ್ನೂ ಕಣ್ಣಲ್ಲಿ ನೋಡದ ಒಂದು ಕೂಸು. ಎರಡು ವಾರದಿಂದ ಅವನ ಬ್ಯಾಟಿಗೆ ಚೆಂಡು ಸರಿಯಾಗಿ ತಾಗಿರಲಿಲ್ಲ.

"ಮೇಷ್ಟ್ರೇ, ಇವನೇನಾ ನಿಮ್ಮ ಮಗ? ಮೂಗು ಅವನಮ್ಮಂದೇ ಇರ್ಬೇಕು. ನಿಮ್ಮದಾಗಿದ್ರೆ ಇವನಿಗಿಂತ ಮುಂಚೆ ಅದು ಒಳಗೆ ಬರ್ತಿತ್ತು."

"ಯಾರಪ್ಪ ನೀನು?" ಎಂದ ಎಜ್ರಾ.

"ಎಲಿಸೆಯೋ. ಎರಡು ಗಂಟೆಗೆ ನಿನ್ನ ಚೆಂಡನ್ನ ಬೇಲಿ ಆಚೆ ಕಳಿಸೋನು."

"ಹದಿನಾಲ್ಕು ದಿನದಿಂದ ನೀನು ಊರಿಗೆ ಕಾಗದ ಬಿಟ್ರೆ ಇನ್ನೇನೂ ಕಳಿಸಿಲ್ಲ ಅಂತ ಕೇಳ್ದೆ."

ಎಲಿಸೆಯೋ ಎದೆಗೆ ಬಾಣ ತಾಗಿದವನಂತೆ ಸಾಬೂನಿನ ಡಬ್ಬಗಳ ಮೇಲೆ ಬಿದ್ದ. ಹೋಬರ್ಟಯ್ಯನೂ ನಕ್ಕ. ಹುಡುಗರೆಲ್ಲ ಹೊರಗೆ ಹೋದ ಮೇಲೆ ಎಜ್ರಾ ದನಿ ತಗ್ಗಿಸಿದ.

"ಯಾರನ್ನ ಇಟ್ಕೋಬೇಕು ಅಂತ ನೋಡೋಕೆ ಮೇಲಿನವರ ಕಡೆಯಿಂದ ಒಬ್ಬ ಬಂದಿದಾನೆ ಅಪ್ಪಾ. ನೋಟ್‌ಪುಸ್ತಕದ ಮನುಷ್ಯ. ಬೆಳಗ್ಗೆ ನಮ್ಮ ಪಕ್ಕದ ಮೇಜಲ್ಲೇ ಕೂತು ತಿಂಡಿ ತಿಂದ. ಈ ವಾರ ಇಬ್ಬರನ್ನ ಮನೆಗೆ ಕಳಿಸ್ತಾರಂತೆ."

"ನೀನೇ ಅಂತ ಯಾರು ಹೇಳಿದ್ರು?"

"ಇಪ್ಪತ್ತೆಂಟು ವರ್ಷ ನನಗೆ. ಇದೇ ಮಟ್ಟದಲ್ಲಿ ನಾಲ್ಕನೇ ಬೇಸಿಗೆ. ಬೇರೆ ಯಾರನ್ನ ಕಳಿಸ್ತಾರೆ?"

"ನೇಡೀನ್ ಏನಂತಾಳೆ?" ಎಂದು ಓರಿನ್ ಸೊಸೆಯ ಬಗ್ಗೆ ಕೇಳಿದ.

"ಅವಳೇನೂ ಅನ್ನಲ್ಲ. ಅವಳಪ್ಪನ ಗೊಬ್ಬರದಂಗಡೀಲಿ ಒಂದು ಕುರ್ಚಿ ಖಾಲಿ ಇದೆ ಅಂತ ಮಾತ್ರ ಆಗಾಗ ಹೇಳ್ತಾಳೆ."

ಓರಿನ್ ಮಗನ ಭುಜ ಮುಟ್ಟಿ, "ಚೆನ್ನಾಗಿ ಎಸಿ," ಎಂದ. ಎದುರಾಳಿಗೆ ಅದಕ್ಕಿಂತ ಹೆಚ್ಚು ಹೇಳುವುದು ಸಲ್ಲದು ಎಂದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಬಿಸಿಲು ಚುರುಕಾಗಿತ್ತು. ಓರಿನ್ ಆಟಗಾರರು ಕೂರುವ ಡಗೌಟಿನ ತುದಿಯಲ್ಲಿ, ನೀರಿನ ಪೀಪಾಯಿಯ ಪಕ್ಕ, ತನ್ನ ಎಂದಿನ ಜಾಗದಲ್ಲಿ ಕೂತ. ಬ್ಯಾಟು ಹಿಡಿಯುವುದನ್ನು ತೋರಿಸಿಕೊಡುವುದು ಅವನ ಕೆಲಸದಲ್ಲಿ ಅರ್ಧ ಮಾತ್ರ. ಉಳಿದರ್ಧ ಎದುರು ತಂಡದ ಎಸೆಗಾರನನ್ನು ನೋಡುವುದು. ಚೆಂಡು ಕೈ ಬಿಡುವುದಕ್ಕೆ ಮೊದಲೇ ಅದು ಎಂಥ ಚೆಂಡೆಂದು ಎಸೆಗಾರರು ತಮಗೆ ತಿಳಿಯದೆಯೇ ಹೇಳಿಬಿಡುತ್ತಾರೆ. ಒಬ್ಬ ಮೊಣಕೈ ಅಗಲಿಸುತ್ತಾನೆ, ಒಬ್ಬ ನಾಲಿಗೆ ಕಚ್ಚುತ್ತಾನೆ, ಒಬ್ಬ ಹಿಮ್ಮಡಿ ತಿರುಗಿಸುತ್ತಾನೆ. ಅದನ್ನು ಕಂಡುಹಿಡಿದು ತನ್ನ ದಾಂಡಿಗರಿಗೆ ತಿಳಿಸಿದರೆ ಅದು ಮೋಸವಲ್ಲ, ಕಣ್ಣಿದ್ದವನ ದುಡಿಮೆ. ಈ ಸೀಮೆಯಲ್ಲಿ ಓರಿನ್ನನಷ್ಟು ಕಣ್ಣಿದ್ದವರು ಇಲ್ಲವೆಂದು ಹೆಸರು. ತಂಡ ಅವನಿಗೆ ಸಂಬಳ ಕೊಡುತ್ತಿದ್ದುದೂ ಅದಕ್ಕೇ.

ಎಜ್ರಾ ಅಂದು ಚೆನ್ನಾಗಿಯೇ ಎಸೆಯುತ್ತಿದ್ದ. ಬಿರುಸಿನ ಚೆಂಡು ಎರಡು ಮೂರು; ಆಮೇಲೆ ಅದೇ ಬಿರುಸಿನ ತೋಳು ಬೀಸಿ, ಆದರೆ ಚೆಂಡನ್ನು ಅಂಗೈಯ ಆಳದಲ್ಲಿ ಹುದುಗಿಸಿ ಎಸೆದ ನಿಧಾನದ ಚೆಂಡು. ದಾಂಡಿಗ ಅವಸರಪಟ್ಟು ಬೀಸಿ ಗಾಳಿಯನ್ನು ಹೊಡೆಯುತ್ತಿದ್ದ. ಆ ನಿಧಾನದ ಚೆಂಡು ಎಜ್ರಾನಿಗೆ ಹೊಸದು. ಹಳೆಯ ಬಿರುಸು ಕುಗ್ಗಿದ ಮೇಲೆ, ಇದೇ ವಸಂತದಲ್ಲಿ, ಕಲಿತದ್ದು.

ಒಂಬತ್ತು ಇನ್ನಿಂಗ್ಸಿನ ಆಟದ ಎರಡನೆಯ ಇನ್ನಿಂಗ್ಸ್‌ನಲ್ಲಿ ಓರಿನ್ನನಿಗೆ ಅದು ಕಂಡಿತು.

ಎಜ್ರಾ ಎಸೆಯುವ ಮೊದಲು ಗ್ಲೌಸನ್ನು ಮೂಗಿನ ತನಕ ಎತ್ತಿ ಹಿಡಿದು ಒಳಗೆ ಚೆಂಡನ್ನು ಹೊಂದಿಸಿಕೊಳ್ಳುತ್ತಿದ್ದ. ಕಣ್ಣು ಮಾತ್ರ ಕಾಣುತ್ತಿತ್ತು. ಕೆಲವು ಸಲ ಅವನ ಗಲ್ಲ ತುಸು ಬಾಗಿ, ಟೋಪಿಯ ಅಂಚು ಒಂದು ಬೆರಳಿನಷ್ಟು ತಗ್ಗುತ್ತಿತ್ತು. ಒಂದು ಉಸಿರಿನ ಹೊತ್ತು ಹಾಗೇ ನಿಂತು ಮತ್ತೆ ಮೇಲಕ್ಕೆ ಬರುತ್ತಿತ್ತು. ಹಾಗೆ ತಗ್ಗಿದಾಗಲೆಲ್ಲ ಬಂದದ್ದು ನಿಧಾನದ ಚೆಂಡು. ಓರಿನ್ ಬೆರಳು ಮಡಿಸಿ ಎಣಿಸಿದ. ಏಳಕ್ಕೆ ಏಳು.

ಎಂಟನೆಯ ಸಲ ತಗ್ಗಿದಾಗ ಅವನು ಬೆರಳು ಮಡಿಸುವುದನ್ನು ನಿಲ್ಲಿಸಿದ. ಆ ಬಾಗುವಿಕೆಯನ್ನು ಅವನು ಮೂವತ್ತೈದು ವರ್ಷ ನೋಡಿದ್ದ.

ಲೂಯೆಲಾ ಹಾಗೆ ಮಾಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವ ಮುಂಚೆ, ಮಂಜು ಹೆಪ್ಪುಗಟ್ಟಿದ ಸೇತುವೆಗೆ ಕಾರು ಹತ್ತಿಸುವ ಮುಂಚೆ, ಬ್ರೆಡ್ಡಿನ ಹಿಟ್ಟು ನಾದುವ ಮುಂಚೆ, ಆಸ್ಪತ್ರೆಯಿಂದ ಬಂದ ಲಕೋಟೆ ಒಡೆಯುವ ಮುಂಚೆ. ಗಲ್ಲ ಬಾಗಿಸಿ, ಒಂದೇ ಉಸಿರಿನಲ್ಲಿ, "ಕರ್ತನೇ, ನನ್ನ ಕೈಲಾಗಲ್ಲ, ನಿನ್ನ ಕೈಲಾಗುತ್ತೆ." ಅಷ್ಟೇ. ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೇ ಪ್ರಾರ್ಥನೆ. ಅವಳು ಹೋದ ಮೇಲೆ ಓರಿನ್ ಬೇರೆ ಎಲ್ಲ ಪ್ರಾರ್ಥನೆಗಳನ್ನೂ ಮಾಡಿದ್ದ. ಇದೊಂದು ಮಾತ್ರ ಅವನ ನಾಲಿಗೆಗೆ ಬಂದಿರಲಿಲ್ಲ.

ಮಗ ಅದನ್ನು ಎಸೆಯುವ ದಿಬ್ಬದ ಮೇಲೆ, ಗ್ಲೌಸಿನ ಹಿಂದೆ, ಹೇಳುತ್ತಿದ್ದ. ತನಗೆ ನಂಬಿಕೆ ಸಾಲದ ಆ ಒಂದು ಚೆಂಡಿಗೆ ಮಾತ್ರ ಹೇಳುತ್ತಿದ್ದ.

ತಂಡದ ಮ್ಯಾನೇಜರ್ ಡ್ವೇನ್ ಕ್ರಮ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ಬಂದು ಪಕ್ಕದಲ್ಲಿ ನಿಂತ. ಹಿಂದೊಮ್ಮೆ ಓರಿನ್ನನ ಕೈಕೆಳಗೆ ಆಡಿದವನು, ಈಗ ಅವನ ಯಜಮಾನ. ಆದರೂ ಹಳೆಯ ರೂಢಿ ಬಿಟ್ಟಿರಲಿಲ್ಲ.

"ಏನು ಯಜಮಾನ್ರೇ, ಹುಡುಗನ ಹತ್ರ ಏನಾದ್ರೂ ಕಾಣ್ತಿದೆಯಾ? ಅಥವಾ ಇವತ್ತು ಕನ್ನಡಕ ಮನೇಲೇ ಬಿಟ್ಟು ಬಂದ್ರಾ?"

"ನೋಡ್ತಾ ಇದೀನಿ," ಎಂದ ಓರಿನ್.

ಅದು ಸುಳ್ಳಲ್ಲ. ನಿಜವೂ ಅಲ್ಲ. ಕ್ರಮ್ಲಿ ತಲೆಯಾಡಿಸಿ ಹೋದ. ಓರಿನ್ ಪೀಪಾಯಿಯಿಂದ ನೀರು ಹಿಡಿದು ಕುಡಿದ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಮಗನ ಕೆಲಸ ಉಳಿಯುತ್ತದೆ. ಗುಡ್ಡದ ಮೇಲೆ ಮಲಗಿರುವವಳೂ ಅದನ್ನೇ ಬೇಡುತ್ತಿದ್ದಳೋ ಏನೋ. ಹಾಗೆಂದುಕೊಂಡಾಗಲೇ ಅವನಿಗೆ ನಾಚಿಕೆಯಾಯಿತು. ಬೇರೆಯವರ ಅನ್ನ ತಿಂದು ಅರೆಮನಸ್ಸಿನ ಕೆಲಸ ಮಾಡುವುದನ್ನು ಲೂಯೆಲಾ ಒಂದು ದಿನವೂ ಒಪ್ಪಿದವಳಲ್ಲ. ನೋಡುವವರು ಇರಲಿ ಬಿಡಲಿ, ಮಾಡುವ ಕೆಲಸ ದೇವರ ಮೇಜಿಗೆ ಬಡಿಸುವ ಊಟ ಎಂದು ಅವಳು ಮಗನಿಗೆ ಕಲಿಸುವಾಗ ಓರಿನ್ನನೇ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದ.

ಆದರೂ ಅವನು ಹೇಳಲಿಲ್ಲ. ಮೂರನೆಯ ಇನ್ನಿಂಗ್ಸ್ ಕಳೆಯಿತು, ನಾಲ್ಕನೆಯದು, ಐದನೆಯದು. ಕಾಲ್ವರ್ಟ್ ಎರಡು ಓಟ ಮುಂದಿತ್ತು. ನೋಟ್‌ಪುಸ್ತಕದ ಮನುಷ್ಯ ಚೆಂಡು ಹಿಡಿಯುವ ಕ್ಯಾಚರನ ಹಿಂದಿನ ಸಾಲಿನಲ್ಲಿ ಹುಲ್ಲುಟೋಪಿ ಹಾಕಿಕೊಂಡು ಕೂತು ಬರೆದುಕೊಳ್ಳುತ್ತಿದ್ದ. ಎಲಿಸೆಯೋ ಎರಡು ಸಲ ಆಡಲು ಹೋಗಿ, ಎರಡು ಸಲವೂ ನಿಧಾನದ ಚೆಂಡಿಗೆ ಮೋಸಹೋಗಿ ಹಿಂದಿರುಗಿದ. ಎರಡನೆಯ ಸಲ ಎಷ್ಟು ಜೋರಾಗಿ ಬೀಸಿದನೆಂದರೆ ಹೆಲ್ಮೆಟ್ಟೇ ಉದುರಿಬಿತ್ತು. ಪ್ರೇಕ್ಷಕರಲ್ಲಿ ಯಾರೋ, "ಲೋ, ಬೀಸಣಿಗೆ ಬೇಡ ಕಣೋ, ಗಾಳಿ ಚೆನ್ನಾಗೇ ಇದೆ!" ಎಂದು ಕೂಗಿದರು.

ಆರನೆಯ ಇನ್ನಿಂಗ್ಸ್‌ನಲ್ಲಿ ಮಾರ್ಲೋ ಕ್ರೀಕಿನ ಇಬ್ಬರು ಬೇಸು ಸೇರಿ, ಓಟಕ್ಕೆ ಕಾದು ನಿಂತರು. ಎಲಿಸೆಯೋನ ಸರದಿಗೆ ಮುಂಚೆ ಇನ್ನೊಬ್ಬನಿದ್ದ. ಅವನು ಬ್ಯಾಟು ಹೆಗಲಿಗಿಟ್ಟುಕೊಂಡು ಬಂದು ಓರಿನ್ನನ ಮುಂದೆ ಕುಕ್ಕರಗಾಲಲ್ಲಿ ಕೂತ. ಮುಖದಲ್ಲಿ ಕುಚೋದ್ಯವಿರಲಿಲ್ಲ.

"ಮೇಷ್ಟ್ರೇ, ಆ ನಿಧಾನದ ಚೆಂಡು ನನಗೆ ಕಾಣ್ತಾನೇ ಇಲ್ಲ."

"ಭುಜ ಬೇಗ ತೆರೀತಿದೀಯ. ಹೇಳಿದೀನಲ್ಲ."

"ಭುಜ ಸರಿ. ನಾನು ಕೇಳೋದು ಅದಲ್ಲ. ಬೇರೆ ಎಸೆಗಾರರದ್ದೆಲ್ಲ ನೀವು ಮೂರನೇ ಇನ್ನಿಂಗ್ಸ್‌ಗೇ ಹೇಳ್ತಿದ್ರಿ, ಇವನು ಹೀಗೆ ಮಾಡ್ತಾನೆ, ಅವನು ಹಾಗೆ ಮಾಡ್ತಾನೆ ಅಂತ. ಇವತ್ತು ಏನೂ ಹೇಳಿಲ್ಲ. ಅವನು ನಿಮ್ಮ ಮಗ, ನನಗೆ ಗೊತ್ತು. ನನಗೂ ಅಪ್ಪ ಇದಾನೆ." ಎಲಿಸೆಯೋ ನೆಲದ ಮಣ್ಣನ್ನು ಕೈಗೆ ಉಜ್ಜಿಕೊಂಡ. "ಅವನ ಹತ್ರ ಕಾಣೋಂಥದ್ದು ಏನಾದ್ರೂ ಇದೆಯಾ ಮೇಷ್ಟ್ರೇ? ಇಲ್ಲ ಅಂದ್ರೆ ಇಲ್ಲ ಅನ್ನಿ. ನೀವು ಇಲ್ಲ ಅಂದ್ರೆ ನಾನು ನಂಬ್ತೀನಿ. ನನ್ನ ಕಣ್ಣೇ ಸರಿಯಿಲ್ಲ ಅಂದ್ಕೋತೀನಿ."

ಓರಿನ್ ದಿಬ್ಬದ ಕಡೆ ನೋಡಿದ. ಮಗ ಚೆಂಡಿನ ಧೂಳು ಒರೆಸುತ್ತಿದ್ದ. ಮಾತಾಡದೆ ಕೂರುವುದು ಒಂದು, ನಂಬುತ್ತೇನೆ ಎನ್ನುವವನ ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಎನ್ನುವುದು ಇನ್ನೊಂದು. ಮೊದಲಿನದನ್ನು ಅವನು ನಾಲ್ಕು ಇನ್ನಿಂಗ್ಸ್ ಹೇಗೋ ಹೊತ್ತಿದ್ದ. ಎರಡನೆಯದು ಆಗಲಿಲ್ಲ.

"ಇದೆ," ಎಂದ. "ಟೋಪಿ ನೋಡು. ಗ್ಲೌಸು ಎತ್ತಿದ ಮೇಲೆ ಟೋಪಿ ಅಂಚು ತಗ್ಗಿದ್ರೆ ನಿಧಾನದ ಚೆಂಡು. ತಗ್ಗದೇ ಇದ್ರೆ ಬಿರುಸು."

ಎಲಿಸೆಯೋ ತಿರುಗಿ ದಿಬ್ಬದ ಮೇಲಿನ ಟೋಪಿಯನ್ನು ನೋಡಿದ. ಆಮೇಲೆ, "ಬೇರೆಯವರಿಗೆ ಹೇಳ್ಬಾರ್ದಾ?" ಎಂದ.

"ಎಲ್ಲರಿಗೂ ಹೇಳು. ಒಬ್ಬನಿಗೆ ಮಾತ್ರ ಹೇಳಿದ್ರೆ ಅದೂ ಕಳ್ಳತನವೇ."

ಮುಂದಿನದು ಬೇಗ ನಡೆದುಹೋಯಿತು. ಎಲಿಸೆಯೋ ಎರಡು ಬಿರುಸಿನ ಚೆಂಡುಗಳನ್ನು ಬಿಟ್ಟ. ಮೂರನೆಯದಕ್ಕೆ ಟೋಪಿಯ ಅಂಚು ತಗ್ಗಿತು. ಅವನು ಅವಸರಪಡದೆ, ಸಂತೆಯಲ್ಲಿ ಹಣ್ಣು ಆರಿಸುವವನ ಹಾಗೆ, ಚೆಂಡು ಬರುವ ತನಕ ಕಾದು ಹೊಡೆದ. ಚೆಂಡು ಎಡಗಡೆಯ ಬೇಲಿ ದಾಟಿ, ಅದರಾಚೆ ನಿಲ್ಲಿಸಿದ್ದ ಕಾರುಗಳ ನಡುವೆ ಎಲ್ಲೋ ಬಿತ್ತು. ಅವನ ಹಿಂದೆ ಬಂದವನೂ ಹೊಡೆದ. ಅವನ ಹಿಂದಿನವನೂ. ಎಲಿಸೆಯೋನ ಹೊಡೆತಕ್ಕೆ ಬಂದ ಮೂರು ಓಟ ಐದಾಯಿತು. ಕಾಲ್ವರ್ಟಿನ ಮ್ಯಾನೇಜರ್ ದಿಬ್ಬಕ್ಕೆ ನಡೆದುಬಂದು ಕೈ ಚಾಚಿದ. ಎಜ್ರಾ ಚೆಂಡನ್ನು ಅವನ ಅಂಗೈಯಲ್ಲಿಟ್ಟ.

ಹೊರಗೆ ನಡೆಯುವಾಗ ಎಜ್ರಾ ಎಲಿಸೆಯೋನ ಕಡೆ ನೋಡಲಿಲ್ಲ. ನೋಟ್‌ಪುಸ್ತಕದವನ ಕಡೆಯೂ ನೋಡಲಿಲ್ಲ. ನೀರಿನ ಪೀಪಾಯಿಯ ಪಕ್ಕದ ಜಾಗವನ್ನೇ ನೋಡಿದ. ಓರಿನ್ ಮುಖ ತಿರುಗಿಸಲಿಲ್ಲ.

ಆಟ ಮುಗಿದದ್ದು ಐದು ಗಂಟೆಗೆ. ಗೆದ್ದ ಹುಡುಗರು ಎಲಿಸೆಯೋನ ತಲೆಗೆ ಐಸ್ ನೀರು ಸುರಿದು ಕುಣಿಯುತ್ತಿದ್ದರು. ಓರಿನ್ ಕ್ರಮ್ಲಿಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ.

"ಕನ್ನಡಕ ಕೊನೆಗೂ ಸಿಕ್ತಾ?" ಎಂದ ಕ್ರಮ್ಲಿ, ಬೂಟಿನ ದಾರ ಬಿಚ್ಚುತ್ತ.

"ಎರಡನೇ ಇನ್ನಿಂಗ್ಸ್‌ನಲ್ಲೇ ಸಿಕ್ಕಿತ್ತು ಡ್ವೇನ್. ನೀನು ಕೇಳಿದಾಗ ಹೇಳ್ಲಿಲ್ಲ. ಆರನೇದರ ತನಕ ಇಟ್ಕೊಂಡೆ. ಅದು ತಪ್ಪು."

ಕ್ರಮ್ಲಿ ತಲೆ ಎತ್ತಿದ. "ಗೆದ್ವಲ್ಲ. ಇನ್ನೇನು?"

"ಇನ್ನೊಂದಿದೆ. ಈಗ ಹೋಗಿ ಅವನಿಗೆ ಅದನ್ನ ಹೇಳ್ತೀನಿ. ನಿನ್ನನ್ನ ಕೇಳ್ತಾ ಇಲ್ಲ, ತಿಳಿಸ್ತಾ ಇದೀನಿ. ಬೆನ್ನ ಹಿಂದೆ ಮಾಡ್ಬಾರ್ದು ಅಂತ."

"ಆಗಸ್ಟಲ್ಲಿ ಅವರ ಜೊತೆ ನಾಲ್ಕು ಆಟ ಇದೆ. ಕೈಗೆ ಸಿಕ್ಕಿದ ಬೀಗದ ಕೈ ವಾಪಸ್ ಕೊಡ್ತೀನಿ ಅಂತೀರಲ್ಲ."

"ಹೌದು. ಕೆಲಸದಿಂದ ತೆಗೀಬೇಕು ಅನ್ಸಿದ್ರೆ ತೆಗಿ. ಬೇಜಾರು ಮಾಡ್ಕೊಳ್ಳಲ್ಲ."

ಕ್ರಮ್ಲಿ ಒಂದು ಬೂಟು ಕಳಚಿ ಅದರೊಳಗಿನ ಮರಳು ಸುರಿದ. ಇನ್ನೊಂದನ್ನೂ ಕಳಚಿದ.

"ನಮ್ಮಪ್ಪ ನನಗೆ ಬೈಯೋದಕ್ಕೂ ಒಂದು ಸಲವೂ ಆಟಕ್ಕೆ ಬರ್ಲಿಲ್ಲ," ಎಂದ. "ನನ್ನ ಈ ಕಿವಿ ಹೋದ ವರ್ಷದಿಂದ ಸರಿಯಾಗಿ ಕೇಳಿಸಲ್ಲ ಯಜಮಾನ್ರೇ. ನೀವು ಹೇಳಿದ್ದು ಒಂದೂ ಗೊತ್ತಾಗ್ಲಿಲ್ಲ. ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗಿ."

ಕಾಲ್ವರ್ಟಿನ ಬಸ್ಸು ಮೈದಾನದ ಹಿಂದೆ, ಜಲ್ಲಿ ಹಾಕಿದ ಬಯಲಿನಲ್ಲಿ ನಿಂತಿತ್ತು. ಹೊರಡುವುದಕ್ಕೆ ಇನ್ನೂ ಮುಕ್ಕಾಲು ಗಂಟೆ. ಎಜ್ರಾ ಬಸ್ಸಿನ ನೆರಳಲ್ಲಿ ತನ್ನ ಚೀಲದ ಮೇಲೆ ಕೂತಿದ್ದ. ಬಲಭುಜಕ್ಕೆ ಐಸ್ ಕೂಡ ಕಟ್ಟಿಕೊಂಡಿರಲಿಲ್ಲ.

"ನೀನೇ ಹೇಳಿದ್ದು," ಎಂದ, ತಂದೆ ಹತ್ತಿರ ಬರುವ ಮೊದಲೇ.

"ಹೌದು."

"ಏನದು? ನಾನು ಏನು ಮಾಡ್ತೀನಿ?"

"ಅದನ್ನ ಹೇಳೋಕೇ ಬಂದೆ. ನಿಧಾನದ ಚೆಂಡಿಗೆ ಮುಂಚೆ ನಿನ್ನ ಟೋಪಿ ತಗ್ಗುತ್ತೆ. ಗಲ್ಲ ಬಗ್ಗಿಸ್ತೀಯ."

ಎಜ್ರಾ ಟೋಪಿಯ ಅಂಚನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಅರ್ಥವಾಯಿತು. ಕಿವಿಯ ತನಕ ಮುಖ ಕೆಂಪೇರಿತು.

"ಅದು ಏನು ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಹೇಳಿದೆ." ಅವನು ಎದ್ದು ನಿಂತ. "ಮೊಣಕೈ ಅಂತ ಹೇಳಿದ್ರೆ, ಕಾಲು ಅಂತ ಹೇಳಿದ್ರೆ ನಾನು ಸಹಿಸ್ತಿದ್ದೆ ಅಪ್ಪಾ. ಆಟ ಅಂದ್ರೆ ಆಟ. ಆದರೆ ನೀನು ಅಮ್ಮನ್ನೇ ತೋರಿಸ್ಬಿಟ್ಟೆ ಅವರಿಗೆ. ನಿಮ್ಮ ಹುಡುಗರೆಲ್ಲ ಸಾಲಾಗಿ ನಿಂತು ನಮ್ಮಮ್ಮನ ಪ್ರಾರ್ಥನೆ ನೋಡಿ ನೋಡಿ ಹೊಡೆದ್ರು."

"ಪ್ರಾರ್ಥನೆ ಅಂತ ನಾನು ಯಾರಿಗೂ ಹೇಳಿಲ್ಲ. ಟೋಪಿ ಅಂತ ಮಾತ್ರ ಹೇಳ್ದೆ."

"ಅದರಲ್ಲೇನು ವ್ಯತ್ಯಾಸ?"

"ಅವರಿಗೆ ಇಲ್ಲ. ನನಗಿದೆ." ಓರಿನ್ ಬಸ್ಸಿನ ಚಕ್ರಕ್ಕೆ ಕೈಯೂರಿ ನಿಂತ. "ನಾಲ್ಕು ಇನ್ನಿಂಗ್ಸ್ ಬಾಯಿ ಮುಚ್ಕೊಂಡು ಕೂತಿದ್ದೆ ಮಗಾ. ಎಲಿಸೆಯೋ ಬಂದು ಇದೆಯಾ ಇಲ್ವಾ ಅಂತ ಕೇಳ್ದ. ಇಲ್ಲ ಅಂದ್ರೆ ನಂಬ್ತೀನಿ ಅಂದ. ಅವನಿಗೂ ಹೆಂಡ್ತಿ ಮಗು ಇದೆ. ನಿನ್ನ ಕೆಲಸ ಉಳಿಸೋಕೆ ಅವನ ಕಣ್ಣು ಹಾಳಾಗಿದೆ ಅಂತ ಅವನನ್ನ ನಂಬಿಸ್ಬೇಕಿತ್ತು. ನಿಮ್ಮಮ್ಮ ಇದ್ದಿದ್ರೆ ಆಮೇಲೆ ನನ್ನನ್ನ ಒಳಗೆ ಸೇರಿಸ್ತಿದ್ಲಾ?"

ಬಸ್ಸಿನ ಕಿಟಕಿಯಲ್ಲಿ ಯಾರೋ ರೇಡಿಯೋ ಹಚ್ಚಿ ಆರಿಸಿದರು. ಎಜ್ರಾನ ಬಾಯಿಂದ ಒಂದು ಪುಸಕ್ಕೆಂಬ ನಗು ಬಂತು. ಸಂತೋಷದ್ದಲ್ಲ.

"ಹೊರಗೆ ಮಲಗಿಸ್ತಿದ್ಲು. ಹೊದಿಕೆ ಕೊಟ್ಟು."

"ಹೊದಿಕೆ ಕೊಡ್ತಿದ್ಲು, ಹೌದು."

ಇಬ್ಬರೂ ಚೀಲದ ಮೇಲೆ ಅಕ್ಕಪಕ್ಕ ಕೂತರು. ನೋಟ್‌ಪುಸ್ತಕದವನು ಏಳನೆಯ ಇನ್ನಿಂಗ್ಸ್‌ಗೇ ಎದ್ದುಹೋದನೆಂದು ಎಜ್ರಾ ಹೇಳಿದ. ತಮ್ಮ ಮ್ಯಾನೇಜರನಿಗೆ ಅವನು ಹೇಳಿಹೋದದ್ದು ಇಷ್ಟೇ: ಶುಕ್ರವಾರ ಈ ಹುಡುಗನಿಗೆ ಇನ್ನೊಂದು ಆಟ ಕೊಡಿ, ನಾನೂ ಬರುತ್ತೇನೆ, ಆಮೇಲೆ ನೋಡೋಣ.

"ಶುಕ್ರವಾರವೂ ಇದೇ ಆದ್ರೆ ಗೊಬ್ಬರದಂಗಡಿ," ಎಂದ ಎಜ್ರಾ. "ಟೋಪಿ ತಗ್ಗಿಸಬಾರದು ಅಂತ ಈಗ ಗೊತ್ತಾಯ್ತು. ಆದರೆ ಅದನ್ನ ಹೇಳದೇ ಇದ್ರೆ ಆ ಚೆಂಡು ಬರಲ್ಲ ಅಪ್ಪಾ. ಮಾರ್ಚ್‌ನಿಂದ ಹಾಗೇ ಎಸೀತಿದೀನಿ. ಬೇರೆ ಚೆಂಡೆಲ್ಲ ನನ್ನ ಕೈಗೆ ಗೊತ್ತು. ಅದೊಂದೇ ನನ್ನದಲ್ಲ."

"ಗ್ಲೌಸು ಇನ್ನೊಂದಿದೆಯಾ?"

"ಯಾಕೆ?"

"ಕೊಡು."

ಜಲ್ಲಿಯ ಮೇಲೆ ಅರವತ್ತು ಅಡಿ ಅಳೆದು, ಬೇಲಿಯ ಕಂಬಕ್ಕೆ ಬೆನ್ನು ಮಾಡಿ ಓರಿನ್ ಕುಕ್ಕರಗಾಲಲ್ಲಿ ಕೂತ. ಮೊಣಕಾಲುಗಳು ಒಣಸೌದೆ ಮುರಿದ ಹಾಗೆ ಲಟಕ್ಕೆಂದವು. ಬಸ್ಸಿನ ಕಿಟಕಿಗಳಲ್ಲಿ ಮುಖಗಳು ಮೂಡಿದವು.

"ತಾತಾ, ಆಂಬುಲೆನ್ಸಿಗೆ ಹೇಳಿ ಕಳಿಸ್ಲಾ?" ಎಂದೊಬ್ಬ ಕೂಗಿದ.

"ನಿನಗೇ ಬೇಕಾಗುತ್ತೆ, ಇಳಿದು ಬ್ಯಾಟು ಹಿಡಿದ್ರೆ!" ಎಂದ ಓರಿನ್.

ಎಜ್ರಾ ಗ್ಲೌಸು ಎತ್ತಿದ. ಟೋಪಿ ತಗ್ಗಿಸಬಾರದೆಂಬ ಎಚ್ಚರದಲ್ಲಿ ಕತ್ತು ಸೆಟೆದಿತ್ತು. ಎಸೆದ ಚೆಂಡು ಅರ್ಧದಾರಿಯಲ್ಲೇ ಜಲ್ಲಿಗೆ ಬಡಿದು ಓರಿನ್ನನ ಮೊಣಕಾಲಿಗೆ ತಾಗಿತು. ಎರಡನೆಯದು ತಲೆಯ ಮೇಲಿಂದ ಹಾರಿ ಬೇಲಿಗೆ ಹೊಡೆಯಿತು. ಕಿಟಕಿಗಳಲ್ಲಿ ನಗು ನಿಂತಿತು. ತಮ್ಮವನಿಗೆ ಏನೋ ಆಗಿದೆಯೆಂದು ಅವರಿಗೂ ತಿಳಿಯಿತು.

"ನೋಡಿದ್ಯಾ?" ಎಂದ ಎಜ್ರಾ. ದನಿ ಒಡೆದಿತ್ತು.

"ನೋಡ್ದೆ. ಚೆಂಡು ತಗೋ." ಓರಿನ್ ಚೆಂಡನ್ನು ಹಿಂದಕ್ಕೆ ಎಸೆದ. "ಈಗ ನೀನು ಬರೀ ಎಸಿ. ಅದನ್ನ ನಾನು ಹೇಳ್ತೀನಿ."

"ಏನು?"

"ನಿನ್ನ ಕೈಯಲ್ಲಿ ಚೆಂಡಿದೆ, ನಿನಗೆ ಕೆಲಸ ಇದೆ. ನನಗೇನಿದೆ? ಹೇಳೋದು ನನ್ನ ಕೆಲಸ. ಎಸಿ."

ಮಗ ಗ್ಲೌಸು ಎತ್ತಿದ. ಓರಿನ್ ಬಾಯಿ ತೆರೆದ. ನಾಲ್ಕು ತಿಂಗಳಿಂದ ಹಲ್ಲಿನ ಹಿಂದೆ ನಿಂತಿದ್ದ ಮಾತು ಮೊದಲ ಸಲ ಬರಲಿಲ್ಲ, ಬಂದದ್ದು ಕೆಮ್ಮು. ಎಜ್ರಾ ಕಾದ. ಬಸ್ಸಿನಲ್ಲಿದ್ದವರೂ ಯಾಕೆಂದು ತಿಳಿಯದೆ ಕಾದರು. ಆಮೇಲೆ ಓರಿನ್, ಅಡಿಗೆಮನೆಯಿಂದ ಯಾರನ್ನೋ ಕರೆಯುವಷ್ಟು ಗಟ್ಟಿಯಾಗಿ ಹೇಳಿದ.

"ಕರ್ತನೇ, ನಮ್ಮ ಕೈಲಾಗಲ್ಲ, ನಿನ್ನ ಕೈಲಾಗುತ್ತೆ."

ಚೆಂಡು ಬಂತು. ಬಿರುಸಿನ ತೋಳಿನಿಂದ ಹೊರಟು, ದಾರಿಯಲ್ಲಿ ಏನೋ ನೆನಪಾದ ಹಾಗೆ ನಿಧಾನವಾಗಿ, ಕೊನೆಯಲ್ಲಿ ಒಂದು ಗೇಣು ಇಳಿದು ಗ್ಲೌಸಿನ ಬಾಯಿಗೆ ಸೇರಿತು. ಓರಿನ್ ಅದನ್ನು ಹಿಡಿಯಲು ಕೈ ಅಲುಗಿಸಬೇಕಾಗಲಿಲ್ಲ.

ಇಪ್ಪತ್ತು ಚೆಂಡು ಎಸೆದರು. ಪ್ರತಿಯೊಂದಕ್ಕೂ ಓರಿನ್ ಹೇಳಿದ. ಮೂರು ನೆಲಕ್ಕೆ ಬಡಿದವು, ಒಂದು ದಾರಿ ತಪ್ಪಿತು, ಉಳಿದವು ಬಂದವು. ಹದಿನೈದನೆಯದರ ಹೊತ್ತಿಗೆ ಎಜ್ರಾನ ಕತ್ತಿನ ಸೆಟೆತ ಸಡಿಲಿತ್ತು. ಟೋಪಿಯ ಅಂಚು ಗೋಡೆಗೆ ಹೊಡೆದ ಮೊಳೆಯಂತೆ ಇದ್ದಲ್ಲೇ ಇತ್ತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆಯೇ ಎಸೆಯುತ್ತಿದ್ದ.

ಬಸ್ಸಿನವನು ಹಾರ್ನ್ ಹೊಡೆದ.

ಎಜ್ರಾ ಹತ್ತಿರ ಬಂದು ತೋಳಿನಲ್ಲಿ ಮುಖ ಒರೆಸಿಕೊಂಡ. "ಶುಕ್ರವಾರ ನೀನೆಲ್ಲಿರ್ತೀಯ?"

"ಇಲ್ಲೇ. ನಮಗೂ ಆಟ ಇದೆ. ನಿಮ್ಮದು ಏಳಕ್ಕೆ ತಾನೇ? ಏಳಕ್ಕೆ ಶುರು ಮಾಡ್ತೀನಿ. ನೀರಿನ ಪೀಪಾಯಿ ಪಕ್ಕ ಕೂತ್ಕೊಂಡು."

"ನಿಮ್ಮ ಹುಡುಗರು ಹುಚ್ಚು ಹಿಡೀತು ಅಂತಾರೆ."

"ಅದು ಅವರಿಗೆ ಹೊಸ ಸುದ್ದಿಯಲ್ಲ."

"ಆಗಸ್ಟಲ್ಲಿ?" ಎಂದ ಎಜ್ರಾ. "ನಾನು ಉಳಿದಿದ್ರೆ ಆಗಸ್ಟಲ್ಲಿ ಮತ್ತೆ ಇಲ್ಲಿಗೇ ಬರ್ತೀವಿ. ನಿಮ್ಮೆದುರು."

ಓರಿನ್ ಯೋಚಿಸಿದ.

"ಆವತ್ತೂ ಹೇಳ್ತೀನಿ. ಹೇಳಿ ಮುಗಿಸಿ ನನ್ನ ಹುಡುಗರನ್ನ ಕೂರಿಸ್ಕೊಂಡು, ನಿನ್ನನ್ನ ಹೇಗೆ ಹೊಡೀಬೇಕು ಅನ್ನೋದನ್ನೂ ಹೇಳ್ತೀನಿ. ಎರಡೂ ಮನಸ್ಸಿಟ್ಟೇ ಮಾಡ್ತೀನಿ."

"ದೇವರು ಯಾರ ಮಾತು ಕೇಳ್ತಾನೆ ಆಗ?"

"ಅದು ಅವನ ತಲೆನೋವು. ಅದಕ್ಕೇ ಅವನು ದೇವರು, ನಾನು ಬ್ಯಾಟು ಹಿಡಿಯೋದು ಕಲಿಸೋನು."

ಎಜ್ರಾ ಈ ಸಲ ನಿಜವಾಗಿ ನಕ್ಕ. ಹಾರ್ನ್ ಮತ್ತೆ ಕೂಗಿತು. ಓರಿನ್ ಏಳಲು ನೋಡಿದ. ಮೊಣಕಾಲು ಬೀಗ ಹಾಕಿದಂತೆ ಹಿಡಿದುಕೊಂಡಿದ್ದವು. ಬೇಲಿಯ ಕಂಬ ಹಿಡಿದು ಅರ್ಧ ಎದ್ದು ಮತ್ತೆ ಕುಸಿದ. ಎಜ್ರಾ ಬಗ್ಗಿ ತನ್ನ ಬಲಗೈ ಚಾಚಿದ.

"ಆ ಕೈ ಬೇಡ ಕಣೋ," ಎಂದ ಓರಿನ್. "ಶುಕ್ರವಾರಕ್ಕೆ ಬೇಕು ಅದು. ಇನ್ನೊಂದು ಕೊಡು."